ಮಡಿಲಲ್ಲಿ ಬಂದ ಪಟ್ಟೆಹುಳ

ನಮ್ಮ ಊರಿಗೆ ಹೆಣ್ಣು ನೋಡಲು ಬರುವವರು ಹೆಣ್ಣಿನ ಮುಖ ನೋಡುವುದಕ್ಕೆ ಮೊದಲು ಆ ಮನೆಯ ನೆಲ ನೋಡುತ್ತಾರೆ. ಹೊಸ್ತಿಲ ಪಕ್ಕದಲ್ಲಿ ಗರಿಕೆ ಇದ್ದರೆ ತಪ್ಪೇನಿಲ್ಲ. ಒಲೆಯ ಹಿಂದೆ ಅಣ್ಣೆಸೊಪ್ಪು ಎದ್ದಿದ್ದರೆ ಉಂಡುಟ್ಟು ಸುಖವಾಗಿರುವ ಮಂದಿ ಎಂದು ಲೆಕ್ಕ. ಪಡಸಾಲೆಯ ನಡುಮಧ್ಯೆ ಮುಳ್ಳುಕೀರೆ ನಿಂತಿದ್ದರೆ ಮಾತ್ರ ಕಾಫಿ ಕುಡಿದು, "ಯೋಚ್ನೆ ಮಾಡಿ ಹೇಳಿ ಕಳಿಸ್ತೀವಿ" ಎಂದು ಎದ್ದುಬಿಡುತ್ತಾರೆ. ಹೊಲದಲ್ಲಿ ಯಾರು ಯಾವ ಕಳೆ ಕಿತ್ತರೋ ಅದು ಮಾರನೆಯ ಬೆಳಿಗ್ಗೆ ಅವರ ಮನೆಯೊಳಗೆ ಎದ್ದಿರುತ್ತದೆ. ಸಗಣಿ ಸಾರಿಸಿದ ನೆಲವಾದರೆ ಸಲೀಸಾಗಿ, ಗಾರೆ ನೆಲವಾದರೆ ಸೀಳಿಕೊಂಡು. ಹೊಲ ಯಾರದು ಎಂದು ಅದು ವಿಚಾರಿಸುವುದಿಲ್ಲ, ಕಿತ್ತ ಕೈ ಯಾರದೋ ಅವರ ಮನೆಗೇ ಬರುತ್ತದೆ. ಇದು ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಊರಿನಲ್ಲಿ ಕಿತ್ತ ಕಳೆ ಎಲ್ಲಿಗೆ ಹೋಗುತ್ತದೆ ಎಂದು ನಾನೂ ಕೇಳಿಲ್ಲ.

ಒಟ್ಟಿಗೆ ಬಾಳುವುದಕ್ಕೆ ನಾವೂ ಕಲಿತಿದ್ದೇವೆ, ಕಳೆಯೂ ಕಲಿತಿದೆ. ಕುಡಿ ಚಿವುಟಿದರೆ ಅದಕ್ಕೆ ಸಿಟ್ಟಿಲ್ಲ, ದನ ಮೇಯ್ದರೆ ಸಿಟ್ಟಿಲ್ಲ. ಬುಡ ಕಿತ್ತರೆ, ಕುಡುಗೋಲಿನಿಂದ ಕುಯ್ದರೆ ಮಾತ್ರ ಮನೆ ಹುಡುಕಿಕೊಂಡು ಬರುತ್ತದೆ. ಮನೆಯಲ್ಲಿ ಎದ್ದದ್ದನ್ನು ಮತ್ತೆ ಕಿತ್ತರೆ ಪಕ್ಕದ ಕೋಣೆಗೆ ಹೋಗುತ್ತದೆ ಅಷ್ಟೆ. ಆಯಸ್ಸು ಮುಗಿದು ತಾನಾಗಿ ಒಣಗುವ ತನಕ ಅದರ ಜೊತೆ ಸಂಸಾರ ಮಾಡಬೇಕು. ಬರುವಾಗ ಒಂಟಿಯಾಗಿಯೂ ಬರುವುದಿಲ್ಲ. ಎಲೆಯ ಮೇಲಿದ್ದ ಇರುವೆ, ಅಡಿಯಲ್ಲಿದ್ದ ಜೇಡ, ಕಾಂಡಕ್ಕೆ ಅಂಟಿದ್ದ ಬಸವನಹುಳು ಎಲ್ಲವೂ ಮದುವೆಗೆ ಕರೆಯದೆ ಬರುವ ನೆಂಟರ ಹಾಗೆ ಹಿಂದೆಯೇ ಬಂದಿರುತ್ತವೆ. ಅದಕ್ಕೇ ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಮನೆಯೊಳಗಿನ ಎಲೆ ಎಲೆಯ ಮೇಲೂ ತಟ್ಟುವುದು ನಮ್ಮ ಊರಿನ ಬೆಳಗಿನ ಮೊದಲ ಕೆಲಸ. ಬೂದಿ ಬಿದ್ದ ಕಡೆ ಹುಳಹುಪ್ಪಟೆ ನಿಲ್ಲುವುದಿಲ್ಲ. ಬೂದಿ ತಟ್ಟದ ಮನೆಯನ್ನು ನಾವು ಮನೆ ಎಂದೇ ಕರೆಯುತ್ತಿರಲಿಲ್ಲ.

ನನ್ನ ಹೆಸರು ಬೋರಪ್ಪ. ನನ್ನ ಮನೆಯ ನೆಲವನ್ನು ನೋಡಿ ಊರು ಹೊಟ್ಟೆ ಉರಿದುಕೊಳ್ಳುತ್ತಿತ್ತು. ಕನ್ನಡಿಯಂತೆ ಸಾರಿಸಿದ ನೆಲ, ಬಾಗಿಲ ಹತ್ತಿರ ಒಂದು ಹಿಡಿ ಗರಿಕೆ, ಅಷ್ಟೆ. ಇದು ನನ್ನ ಜಾಣತನವಲ್ಲ, ನನ್ನ ಅತ್ತೆ ಮಂಚಮ್ಮನ ಪುಣ್ಯ. ಹೆಣ್ಣು ಕೊಟ್ಟವರು ಮದುವೆಯಾದ ವರ್ಷ ಅಳಿಯನ ಹೊಲದ ಕಳೆ ಹೊರಬೇಕು ಎನ್ನುವುದು ನಮ್ಮಲ್ಲಿ ಪದ್ಧತಿ. ಅವರು ಬಂದು ಕೀಳುತ್ತಾರೆ, ಕಳೆ ಅವರ ಮನೆಗೆ ಹೋಗುತ್ತದೆ, ಹೊಸ ಮದುಮಗಳು ಖಾಲಿ ನೆಲದ ಮೇಲೆ ಕಾಲಿಡುತ್ತಾಳೆ. ಮಂಚಮ್ಮ ಒಂದು ವರ್ಷಕ್ಕೆ ನಿಲ್ಲಿಸಲಿಲ್ಲ. ಗಂಡನಿಲ್ಲದ ಹೆಂಗಸು, ಒಬ್ಬಳೇ ಮಗಳು. "ನನ್ ಮಗ್ಳು ನಡೆದಾಡೋ ನೆಲ ಕಣಪ್ಪ" ಎಂದುಕೊಂಡು ಪ್ರತಿ ಮಳೆಗಾಲವೂ ಬಂದು ನನ್ನ ರಾಗಿ ಹೊಲದಲ್ಲಿ ಕೂತು ಕಿತ್ತಳು. ಬೇಡ ಎನ್ನಲು ನನಗೇನು ಹುಚ್ಚು ಹಿಡಿದಿತ್ತೆ? ಕೆರೆಯಾಚೆಗಿನ ಅವಳ ಮನೆ ಮಾತ್ರ ವರ್ಷದಿಂದ ವರ್ಷಕ್ಕೆ ಕಾಡಾಯಿತು. ಹಬ್ಬಕ್ಕೆ ಕರೆದರೆ ನಾನು ಜಗಲಿಯ ಮೇಲೇ ಕೂತು ಉಂಡು ಬರುತ್ತಿದ್ದೆ.

ಈ ಸಲ ಮಂಚಮ್ಮನಿಗೆ ಮಂಡಿನೋವು ಬಂತು, ನಮ್ಮ ಊರಿಗೆ ನುಚ್ಚಕ್ಕಿ ಗಿಡ ಬಂತು. ಎರಡೂ ಒಂದೇ ಮುಂಗಾರಿನಲ್ಲಿ. ಹಿಂದಿನ ಬೇಸಿಗೆಯಲ್ಲಿ ದನಗಳಿಗೆಂದು ಹೊರಗಿನಿಂದ ಲಾರಿಗಳಲ್ಲಿ ಹುಲ್ಲು ತರಿಸಿದ್ದೆವು, ಅದರಲ್ಲಿ ಬೀಜ ಇತ್ತೋ ಏನೋ. ಎಲೆ ನೋಡಿದರೆ ಸೇವಂತಿಗೆಯ ಜಾತಿ ಎನ್ನಬೇಕು, ಹೂವು ನೋಡಿದರೆ ಯಾರೋ ಮೇಲಿಂದ ಅಕ್ಕಿ ನುಚ್ಚು ಚೆಲ್ಲಿದಂತೆ. ದನ ಮೂಸಿ ನೋಡಿ ಮುಖ ತಿರುಗಿಸಿದವು. ಬಾಯಿ ಹಾಕಿದ ಒಂದೆರಡು ಎಮ್ಮೆಗಳ ಹಾಲು ಕಹಿಯಾಯಿತು. ರಾಗಿ ಗೇಣುದ್ದ ಇರುವಾಗ ಅದು ಮೊಣಕಾಲುದ್ದ ಇತ್ತು. ನಾನು ಸೊಂಟಕ್ಕೆ ಪಂಚೆ ಸಿಕ್ಕಿಸಿಕೊಂಡು ಹೊಲಕ್ಕಿಳಿದು ಬದುವಿನ ಕಡೆಯಿಂದ ಒಂದಷ್ಟು ಅಗಲ ಕಿತ್ತು ಹಾಕಿದೆ. ಮಾರನೆಯ ದಿನ ಪಡಸಾಲೆಯಲ್ಲಿ, ದೇವರ ಗೂಡಿನ ಕೆಳಗೆ, ಒಲೆಯ ಎರಡೂ ಪಕ್ಕದಲ್ಲಿ ನುಚ್ಚಕ್ಕಿ ಎದ್ದು ನಿಂತಿತ್ತು.

ನನ್ನ ಹೆಂಡತಿ ಇಂದ್ರಾಣಿಗೆ ಊರಿನಲ್ಲಿ ಒಂದು ಹೆಸರಿದೆ. ಅವಳು ಊದುಕೊಳವೆ ಬಾಯಿಗಿಟ್ಟರೆ ಹಸಿ ಸೌದೆಯೂ ಹೊತ್ತಿಕೊಳ್ಳುತ್ತದೆ ಎನ್ನುತ್ತಾರೆ. ಮದುವೆ ಮನೆಗಳಲ್ಲಿ ಕೋಡಿ ಒಲೆ ಹೊತ್ತಿಸಲು ಅವಳನ್ನೇ ಕರೆಯುವುದು. ನುಚ್ಚಕ್ಕಿ ಹೂವು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವಳು ಊದುಕೊಳವೆ ಹಿಡಿದು ಒಂದು ಸಲ ಊದಿದಳು, ಎರಡನೆಯ ಸಲಕ್ಕೆ ಉಸಿರು ಸಿಗಲಿಲ್ಲ. ಎದೆಯೊಳಗೆ ಯಾರೋ ಬಾಗಿಲು ಎಳೆದ ಹಾಗೆ ಕೀಂ ಎನ್ನುವ ಸದ್ದು. ನಾನು ಓಡಿಬಂದು ನೋಡಿದರೆ ತುಟಿ ನೀಲಿ. ಡಾಕ್ಟರು ಮಾತ್ರೆ ಕೊಟ್ಟರು, ಆ ಹೂವಿನ ಧೂಳು ಇವಳಿಗೆ ಆಗುವುದಿಲ್ಲ, ಅದರಿಂದ ದೂರ ಇಡಿ ಎಂದರು. ಎಲ್ಲಿ ದೂರ ಇಡುವುದು? ಕಿಟಕಿಯಿಂದಾಚೆ ಹೊಲದಲ್ಲಿ ಅದೇ, ಕಿಟಕಿಯಿಂದೀಚೆ ಒಲೆಯ ಬುಡದಲ್ಲೂ ಅದೇ.

"ನಾನು ಅವ್ವನ ಮನೆಗೆ ಹೋಯ್ತೀನಿ" ಎಂದಳು.

"ಆ ಕಾಡಿಗಾ? ಇಲ್ಲಿ ಒಂದು ಗಿಡಕ್ಕೇ ಹಿಂಗಾಗಿದ್ದೀಯ. ಅಲ್ಲಿ ಲೋಕದ ಗಿಡವೆಲ್ಲ ಅವೆ."

"ಇನ್ನೆಲ್ಲಿಗೆ ಹೋಗ್ಲಿ ಹೇಳಿ. ಯಾರ ಮನೆ ನೆಲ ನೋಡಿದ್ರೂ ನುಚ್ಚಕ್ಕಿನೇ. ಅವ್ವ ಆದ್ರೆ ಬೆನ್ನಾದ್ರೂ ನೀವ್ತಾಳೆ."

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆರೆ ಏರಿಯ ಮೇಲೆ ನಿಂತು ನಿಂತು ಹೋದಳು. ನಾನು ಗಂಟು ಹೊತ್ತುಕೊಂಡು ಹಿಂದೆ ಹೋಗಿ, ಮಂಚಮ್ಮನ ಜಗಲಿಯ ಮೇಲೆ ಗಂಟು ಇಟ್ಟು, ಒಳಗೆ ನೋಡಲು ಧೈರ್ಯವಾಗದೆ ಹಾಗೇ ಬಂದುಬಿಟ್ಟೆ.

ಆಮೇಲೆ ನನಗೆ ಅತ್ತ ದರಿ, ಇತ್ತ ಪುಲಿ. ಹೊಲದಲ್ಲಿ ಇನ್ನೂ ಮುಕ್ಕಾಲು ಪಾಲು ನುಚ್ಚಕ್ಕಿ ನಿಂತಿತ್ತು. ಕಿತ್ತರೆ ಅಷ್ಟೂ ಮನೆಗೆ ಬರುತ್ತದೆ, ಇಂದ್ರಾಣಿ ಆ ಹೊಸ್ತಿಲು ದಾಟುವಂತಿಲ್ಲ. ಬಿಟ್ಟರೆ ರಾಗಿ ಇಲ್ಲ, ವರ್ಷವಿಡೀ ಉಣ್ಣುವುದೇನು? ಹೊರಗಿನ ಆಳುಗಳನ್ನು ಕರೆಸೋಣ ಎಂದು ಕೆಲವರು ಹೊರಟರು. ಗುಡ್ಡದಾಚೆಯವರು ಒಂದು ದಿನ ಬಂದು ಕಿತ್ತು ಹೋದರು. ಮಾರನೆಯ ದಿನ ಅವರ ದಿಂಬಿನ ಪಕ್ಕದಲ್ಲಿ ಗಿಡ ಎದ್ದಿತಂತೆ, ಆಮೇಲೆ ಕಾಲು ಹಿಡಿದರೂ ಬರಲಿಲ್ಲ. ನಾನು ಒಲೆಯ ಮುಂದೆ ಕೂತು ಊದುಕೊಳವೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಅರೆಬೆಂದ ಮುದ್ದೆ ತಿಂದೆ. ಬೆಳಗಾದರೆ ಬೂದಿ ತಟ್ಟುತ್ತಿದ್ದೆ. ಒಲೆ ಪಕ್ಕದ ಗಿಡದ ಮೇಲೆ ಒಂದು ಸಣ್ಣ ಪಟ್ಟೆಹುಳ ಕೂತದ್ದನ್ನು ನೋಡಿ ಅದಕ್ಕೆ ಎರಡು ಸಲ ತಟ್ಟಿದ್ದೂ ನೆನಪಿದೆ. ಮನೆಯಲ್ಲಿ ಹೆಂಗಸಿಲ್ಲದಿದ್ದರೂ ನೆಲದ ಮರ್ಯಾದೆ ಹೋಗಬಾರದಲ್ಲ!

ಒಂದು ದಿನ ಮನಸ್ಸು ತಡೆಯಲಿಲ್ಲ. ಇಂದ್ರಾಣಿಯನ್ನು ದೂರದ ಊರಿನಲ್ಲಿರುವ ನನ್ನ ತಂಗಿಯ ಮನೆಗೆ ಕಳಿಸಿಬಿಡೋಣ, ರಾಗಿ ಹಾಳಾದರೂ ಅವಳಾದರೂ ಉಳಿಯಲಿ ಎಂದು ಗಟ್ಟಿಮಾಡಿಕೊಂಡು ಕೆರೆಯಾಚೆ ಹೋದೆ. ಮಂಚಮ್ಮನ ಮನೆ ಹತ್ತಿರವಾದಂತೆ ಕಾಲು ಹಿಂದೆ ಎಳೆಯುತ್ತಿತ್ತು. ಕೆಮ್ಮಿನ ಸದ್ದಿಗೆ ಕಿವಿ ಕೊಟ್ಟೆ. ಕೇಳಿಸಿದ್ದು ಒನಕೆಯ ಸದ್ದು, ಅದರ ಮೇಲೆ ನಗು. ಆ ನಗು ಯಾರದೆಂದು ನನಗೆ ಬೇರೆ ಹೇಳಬೇಕೆ? ಜಗಲಿಯಲ್ಲಿ ಕೂರುವುದನ್ನು ಮರೆತು ಸೀದಾ ಒಳಗೆ ನುಗ್ಗಿದೆ.

ಮದುವೆಯಾದ ಮೇಲೆ ಆ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ನೆಲ ಎನ್ನುವುದು ಕಾಣಿಸುವುದೇ ಕಾಲು ಇಡುವಷ್ಟು. ಅಣ್ಣೆ, ಹೊನಗೊನ್ನೆ, ಗಣಿಕೆ, ಉತ್ತರಾಣಿ, ಗೋಡೆಯುದ್ದಕ್ಕೂ ಸೊಂಟದೆತ್ತರದ ತಗಟೆ, ನೀರಿನ ಗುಡಾಣದ ಸುತ್ತ ಗೋಣಿಸೊಪ್ಪು. ಎಲ್ಲ ನನ್ನ ಹೊಲದವು, ಎಲ್ಲ ನನಗೆ ಪರಿಚಯದವು. ಕಂಬಕ್ಕೆ ಹಬ್ಬಿದ್ದ ತೊಂಡೆ ಬಳ್ಳಿಯ ಕೆಳಗೆ ನನ್ನ ಹೆಂಡತಿ ಒನಕೆ ಹಿಡಿದು ನಿಂತಿದ್ದಳು, ಹಣೆಯಲ್ಲಿ ಬೆವರು, ಕೆನ್ನೆಯಲ್ಲಿ ಕೆಂಪು.

"ಬನ್ನಿ ಅಳಿದೇವ್ರು, ಬನ್ನಿ" ಎಂದಳು ಮಂಚಮ್ಮ ಕಾಲು ನೀಡಿಕೊಂಡು ಸೊಪ್ಪು ಬಿಡಿಸುತ್ತ. "ಅಂತೂ ಒಳಕ್ಕೆ ಬಂದ್ರಿ. ಅಲ್ಲೇ ಎಲ್ಲಾದ್ರೂ ಜಾಗ ಇದ್ರೆ ಕೂತ್ಕಳಿ. ಉತ್ತರಾಣಿ ಪಂಚೆಗೆ ಅಂಟುತ್ತೆ, ನೋಡ್ಕಂಡು."

"ಇಲ್ಲಿ ನುಚ್ಚಕ್ಕಿ ಇಲ್ವಾ?" ಎಂದೆ ನಾನು, ಕ್ಷೇಮ ಸಮಾಚಾರ ಕೇಳುವುದನ್ನೂ ಬಿಟ್ಟು.

"ಐತಲ್ಲ" ಎಂದು ಇಂದ್ರಾಣಿ ಒನಕೆ ಗೋಡೆಗೊರಗಿಸಿ ನನ್ನ ಕೈ ಹಿಡಿದು ತಗಟೆಯ ಸಂದಿಗೆ ಕರೆದುಕೊಂಡು ಹೋದಳು. "ಅವ್ವ ರಸ್ತೆ ಬದೀಲಿ ಕಿತ್ತಿದ್ದಂತೆ. ನೋಡಿ ಅದ್ರ ಪಾಡ."

ಗಿಡಗಳು ಇದ್ದವು, ಆದರೆ ಬಡಕಲು. ತಗಟೆಯ ನೆರಳಿನಲ್ಲಿ ಕತ್ತು ಉದ್ದ ಮಾಡಿಕೊಂಡು ಬಿಸಿಲು ಹುಡುಕುತ್ತಿದ್ದವು. ಎಲೆಗಳು ಜರಡಿಯಾಗಿದ್ದವು. ಒಂದರಲ್ಲೂ ಹೂವಿಲ್ಲ. ಕುಡಿಯ ಮೇಲೆ ಹೆಸರುಕಾಳಿಗಿಂತ ಒಂಚೂರು ದೊಡ್ಡ ಹುಳಗಳು ಕೂತಿದ್ದವು, ಕೆನೆಬಣ್ಣದ ಬೆನ್ನು, ಮೇಲೆ ಕಂದು ಪಟ್ಟೆ. ಪಕ್ಕದಲ್ಲಿ ಅವುಗಳ ಮರಿಗಳು ಮೊಗ್ಗನ್ನು ಸುತ್ತಲೂ ಕೆರೆದು ತಿನ್ನುತ್ತಿದ್ದವು. ನನ್ನ ಒಲೆ ಪಕ್ಕದಲ್ಲಿ ಬೂದಿ ತಿಂದು ಸತ್ತದ್ದೂ ಇದೇ ಜಾತಿ.

"ಬಂದ ದಿನ ಎದ್ದು ಕೂರಕ್ಕೂ ಆಗ್ತಿರ್ಲಿಲ್ಲ. ಮಂಚದ ಮೇಲೆ ಒರಗ್ಕಂಡು ಇವನ್ನೇ ನೋಡ್ತಿದ್ದೆ" ಎಂದಳು ಇಂದ್ರಾಣಿ. "ಮೊಗ್ಗು ಅರಳಕ್ಕೆ ಬುಡಾದಿಲ್ಲ ಇವು. ಹೂವಿಲ್ಲ ಅಂದ್ರೆ ಧೂಳೆಲ್ಲಿಂದ ಬಂದದು? ನಾಕು ದಿನಕ್ಕೆ ಉಸ್ರು ಸಲೀಸಾಯ್ತು."

"ಇದು ಎಲ್ಲಿಂದ ಬಂತು ಅತ್ತೆ?"

"ಗಿಡದ ಜೊತೇಲೇ ಬಂದಿರ್ಬೇಕು. ನಾನೇನು ಕರ್ದಿದ್ನಾ?" ಎಂದಳು ಮಂಚಮ್ಮ. "ಮಂಡಿ ಹಿಡ್ಕಂಡ ಮ್ಯಾಲೆ ಬೂದಿ ತಟ್ಟಾದು ಬುಟ್ಟೆ. ಇಷ್ಟು ಗಿಡಕ್ಕೆ ಯಾವಳು ತಟ್ಟಾಳು? ಅವು ಅವುಗಳ ಪಾಡಿಗೆ ಅವೆ, ನಾನು ನನ್ ಪಾಡಿಗಿದ್ದೀನಿ."

ನನಗೆ ಕುಣಿಯುವಂತಾಯಿತು. ಹುಳ ತಿಂದರೆ ಅದು ಕಿತ್ತಂತೆ ಅಲ್ಲ! ದನ ಮೇಯ್ದಂತೆ. ಹೊಲದ ನುಚ್ಚಕ್ಕಿಯನ್ನು ಹುಳ ತಿಂದರೆ ಅದು ಯಾರ ಮನೆಗೂ ಹೋಗುವುದಿಲ್ಲ. ರಾಗಿಯೂ ಉಳಿಯುತ್ತದೆ, ಇಂದ್ರಾಣಿಯೂ ಮನೆಗೆ ಬರುತ್ತಾಳೆ. ಕೂಡಲೇ ಹೆಗಲ ಮೇಲಿನ ಟವೆಲ್ ತೆಗೆದು ಹುಳಗಳಿಗೆ ಕೈ ಹಾಕಿದೆ. ಇಂದ್ರಾಣಿ ಕೈಗೆ ಒಂದು ಪೆಟ್ಟು ಕೊಟ್ಟಳು.

"ನಿಂತ್ಕಳಿ. ನುಚ್ಚಕ್ಕಿ ತಿಂದು ಮುಗಿಸಿ ಆಮೇಲೆ ರಾಗಿಗೆ ಬಾಯಿ ಹಾಕಿದ್ರೆ? ಪಕ್ಕದ ಹೊಲದ ದ್ಯಾವಣ್ಣನ ಅವರೆಗೆ ಹಾಕಿದ್ರೆ? ನಿಮ್ದು ಯಾವಾಗ್ಲೂ ಆತುರವೇ."

ಅವಳು ಒಂದು ಕುಂಡದಲ್ಲಿ ರಾಗಿ ಪೈರು, ಇನ್ನೊಂದರಲ್ಲಿ ಅವರೆ, ಮತ್ತೊಂದರಲ್ಲಿ ಹುಚ್ಚೆಳ್ಳು ನೆಟ್ಟು, ಹುಳ ಬಿಟ್ಟು, ಮೇಲೆ ಹಳೆಯ ಸೀರೆಯ ತುಂಡು ಕಟ್ಟಿದಳು. ದಿನವೂ ಹೋಗಿ ಬಗ್ಗಿ ನೋಡುವುದೇ ನನ್ನ ಕೆಲಸವಾಯಿತು. ಹುಳಗಳು ಬಟ್ಟೆಯ ಒಳಮೈಗೆ ಅಂಟಿಕೊಂಡು ಉಪವಾಸ ಕೂತವೇ ಹೊರತು ಎಲೆ ಮುಟ್ಟಲಿಲ್ಲ. ಗಟ್ಟಿ ವ್ರತದ ಹುಳಗಳು. ಬಟ್ಟೆ ಬಿಚ್ಚಿದ್ದೇ ತಡ, ಎದ್ದೂ ಬಿದ್ದೂ ನುಚ್ಚಕ್ಕಿಗೆ ಹೋಗಿ ಮುತ್ತಿಕೊಂಡವು. ಅದನ್ನು ನೋಡಿ ಇಂದ್ರಾಣಿ "ಈಗ ತಗಂಡೋಗಿ" ಎಂದಳು.

ಇಷ್ಟರಲ್ಲಿ ಸುದ್ದಿ ಊರಿನ ತುಂಬ ಹಬ್ಬಿತ್ತು. ನನ್ನ ಪಕ್ಕದ ಹೊಲದ ದ್ಯಾವಣ್ಣ ತನ್ನ ಜಗಲಿಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ನನ್ನನ್ನು ಕರೆಸಿದ. ಅವನು ಅವರೆ ಬೆಳೆಯುವವನು, ಗಂಟಲು ದೊಡ್ಡದು. "ಇರಲಾರದೆ ಇರುವೆ ಬುಟ್ಕಂಡ್ರಂತೆ ಅನ್ನೋ ಗಾದೆ ಕೇಳಿದ್ದೆ. ಹೊಲಕ್ಕೆ ಹುಳ ಬುಟ್ಕಳ್ಳೋ ಮನುಷ್ಯನ್ನ ಈಗ ನೋಡ್ತಾ ಇದ್ದೀನಿ" ಎಂದ. ಕೂತಿದ್ದವರು ನಕ್ಕರು. "ಆಗ್ಲಪ್ಪ, ಬುಡು. ಆದ್ರೆ ನನ್ನ ಅವರೇಲಿ ಒಂದು ಎಲೆ ತೂತಾದ್ರೂ ನನ್ ಹೊಲದ ಕಳೆಯೆಲ್ಲ ನೀನೇ ಕೀಳ್ಬೇಕು. ಆಮೇಲೆ ನಿನ್ ಹೆಂಡ್ತಿ ಕಡೇವರ್ಗೂ ತವರಲ್ಲೇ."

ಆದರೂ ಹೂಂ ಎಂದೆ. ಉಪವಾಸ ಕೂತ ಹುಳಗಳನ್ನು ಕಣ್ಣಾರೆ ಕಂಡಿದ್ದೆನಲ್ಲ.

ಹುಳ ತರುವ ದಿನ ಮಂಚಮ್ಮ ಒಂದು ಹಟ ಹಿಡಿದಳು. ತವರಿನಿಂದ ಗಂಡನ ಮನೆಗೆ ಏನೇ ಹೋದರೂ ಮಡಿಲಲ್ಲೇ ಹೋಗಬೇಕು, ಬುಟ್ಟಿಯಲ್ಲಿ ಕಳಿಸುವುದು ಅವಳ ಮನೆಯ ವಾಡಿಕೆಯಲ್ಲ. ಮಗಳು ಈಗ ಹೋಗುವಂತಿಲ್ಲ. "ಅಳಿಯನೇ ಮಡಿಲು ಒಡ್ಲಿ" ಎಂದಳು. ನಾನು ಮೊದಲು ನಗೆಯಾಡುತ್ತಿದ್ದಾಳೆ ಎಂದುಕೊಂಡೆ. ಅವಳು ನಿಜವಾಗಿಯೇ ಅರಿಶಿನ ಕುಂಕುಮದ ಬಟ್ಟಲು ತಂದಿಟ್ಟಳು. ನಾನು ಪಂಚೆಯ ಚುಂಗನ್ನು ಎರಡೂ ಕೈಯಲ್ಲಿ ಒಡ್ಡಿ ನಿಂತೆ. ಮಂಚಮ್ಮ ಮಂಡಿಯೂರಲಾಗದೆ ಗೋಡೆ ಹಿಡಿದು ನಿಂತೇ ತುಂಬಿದಳು. ಮೊದಲು ನುಚ್ಚಕ್ಕಿ ಕುಡಿಗಳ ಜೊತೆ ಹುಳ, ಅದರ ಪಕ್ಕಕ್ಕೆ ಬೇರೆ ಗಂಟಿನಲ್ಲಿ ತಗಟೆ ಬೀಜ, ಕೊನೆಗೆ ಒಂದು ಬೆಲ್ಲದಚ್ಚು. "ಹೋಗಿ ಬಾ ನನ್ನಪ್ಪ, ಮನೆ ತುಂಬ್ಲಿ" ಎಂದಳು. ಇಂದ್ರಾಣಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಉಸಿರಿಗಲ್ಲ, ನಗುವಿಗೆ. ಆ ಮಡಿಲು ಹಿಡಿದುಕೊಂಡು ನಾನು ಕೆರೆ ಏರಿಯ ಮೇಲೆ, ಹಿಟ್ಟಿನ ಗಿರಣಿಯ ಮುಂದೆ, ದ್ಯಾವಣ್ಣನ ಜಗಲಿಯ ಮುಂದೆ ನಡೆದು ಬಂದೆ. "ಬೋರಣ್ಣನಿಗೆ ಎಷ್ಟು ತಿಂಗಳು?" ಎಂದು ಒಬ್ಬ ಕೂಗಿದ. ಎರಡೂ ಕೈ ಪಂಚೆಯಲ್ಲಿದ್ದುದರಿಂದ ಅವನು ಬದುಕಿಕೊಂಡ.

ಹೊಲದಲ್ಲಿ ಹುಳಗಳನ್ನು ಕುಡಿಯಿಂದ ಕುಡಿಗೆ ಬಿಟ್ಟೆ. ಮುಂದೆ ನುಚ್ಚಕ್ಕಿಗೆ ಬಿಸಿಲು ಸಿಗದಿರಲಿ ಎಂದು ಬದುವಿನುದ್ದಕ್ಕೂ ತಗಟೆ ಬೀಜ ಚೆಲ್ಲಿದೆ. ಮೊದಮೊದಲು ಎಲೆಯಲ್ಲಿ ಅಲ್ಲಲ್ಲಿ ತೂತು ಕಂಡಿತು, ಮರಿಗಳೂ ಕಂಡವು. ಆಮೇಲೆ ಒಂದು ದಿನ ಹೋಗಿ ನೋಡಿದರೆ ಮರಿಗಳೇ ಇಲ್ಲ. ಎಲೆ ಮಗುಚಿದೆ, ಬುಡ ನೋಡಿದೆ, ಮೇಲೆ ಹಾರುವ ಕೊಕ್ಕರೆಗಳಿಗೆ ಬೈದೆ. ದ್ಯಾವಣ್ಣ ಬದುವಿನ ಆಚೆಯಿಂದ, "ತವರಿಗೆ ಹೊಂಟೋದ್ವೇನೋ, ಮಡಿಲಲ್ಲಿ ಬಂದವು ತಾನೆ" ಎಂದ. ನಾನು ಮುಖ ಸಣ್ಣಗೆ ಮಾಡಿಕೊಂಡು ಕೆರೆಯಾಚೆ ಹೋಗಿ ಇಂದ್ರಾಣಿಗೆ ಹೇಳಿದರೆ ಅವಳು ತಗಟೆಯ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಕೆದಕಿ ತೋರಿಸಿದಳು. ಮಣ್ಣಿನೊಳಗೆ ಹಳದಿ ಬಣ್ಣದ ಕೋಶಗಳು ತೊಟ್ಟಿಲ ಮಕ್ಕಳ ಹಾಗೆ ಮಲಗಿದ್ದವು. "ನಿದ್ದೆ ಮಾಡ್ತಾ ಅವೆ. ಗಲಾಟೆ ಮಾಡ್ಬೇಡಿ, ನೆಲ ಅಗೀಬೇಡಿ, ಸುಮ್ನೆ ಇರಿ" ಎಂದಳು. ಸುಮ್ಮನಿರುವುದು ನನ್ನ ಜನ್ಮಕ್ಕೆ ಬಾರದ ವಿದ್ಯೆ, ಆದರೂ ಇದ್ದೆ.

ಒಂದು ಒಳ್ಳೆಯ ಮಳೆ ಬಿತ್ತು. ಮಣ್ಣಿನಿಂದ ಎದ್ದವು ನೋಡಿ! ಒಂದಕ್ಕೆ ಹತ್ತಾಗಿ, ಹತ್ತಕ್ಕೆ ನೂರಾಗಿ. ಹೊಲಕ್ಕೆ ಹೋದರೆ ಸಣ್ಣಗೆ ಸರಸರ ಎನ್ನುವ ಸದ್ದು. ನುಚ್ಚಕ್ಕಿ ಎಲೆ ಕಳೆದುಕೊಂಡು ಕಡ್ಡಿ ಕಡ್ಡಿಯಾಗಿ ನಿಂತಿತು, ರಾಗಿ ತಲೆಯೆತ್ತಿ ಬುಡದಿಂದ ಹೊಸ ಕವಲಿನ ತೆಂಡೆ ಒಡೆಯಿತು. ದ್ಯಾವಣ್ಣ ಅವರೆ ಸಾಲಿನಲ್ಲಿ ಕೂತು ಎಲೆಗಳನ್ನು ಬಿಸಿಲಿಗೆ ಹಿಡಿದು ತೂತು ಹುಡುಕಿದ. ಸಿಕ್ಕಲಿಲ್ಲ. ಒಂದು ಸಂಜೆ ಯಾರೂ ಇಲ್ಲದ ಹೊತ್ತಿನಲ್ಲಿ ನನ್ನ ಹತ್ತಿರ ಬಂದು, "ಬೋರ, ನಿಮ್ಮತ್ತೆ ಮನೇಲಿ ಆ ಹುಳ ಇನ್ನೂ ಅವಾ?" ಎಂದ. "ಮಡಿಲು ಒಡ್ಡಬೇಕಾಯ್ತದೆ" ಎಂದೆ. ಆ ಮಾತಾಡಿದ ಸುಖ ಈಗಲೂ ಇದೆ.

ಅಷ್ಟಕ್ಕೇ ಕೈಕಟ್ಟಿ ಕೂತಿದ್ದರೆ ನಾನು ಬೋರಪ್ಪ ಹೇಗಾದೇನು? ಮನೆಯೊಳಗಿನ ಹಳೆಯ ನುಚ್ಚಕ್ಕಿ ಅಷ್ಟರಲ್ಲಿ ಆಯಸ್ಸು ಮುಗಿದು ಒಣಗಿತ್ತು, ಇಂದ್ರಾಣಿಗೆ ನಾಳೆ ಬಾ ಎಂದು ಹೇಳಿ ಕಳಿಸಿದೆ. ಹೊಲದಲ್ಲಿ ಆ ಬೋಳು ಕಡ್ಡಿಗಳು ಕಣ್ಣಿಗೆ ಚುಚ್ಚುತ್ತಿದ್ದವು. ಎಲೆಯಿಲ್ಲ, ಹೂವಿಲ್ಲ, ಸತ್ತ ಹಾಗೇ ಇವೆ, ಕಿತ್ತು ಅಚ್ಚುಕಟ್ಟು ಮಾಡಿದರೆ ಅವಳು ನೋಡಿ ಸಂತೋಷಪಡುತ್ತಾಳೆ ಎಂದು ಸಂಜೆಯ ತನಕ ಕೂತು ಅಷ್ಟನ್ನೂ ಕಿತ್ತೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಮನೆಯ ತುಂಬ ನುಚ್ಚಕ್ಕಿ. ಸತ್ತ ಕಡ್ಡಿಗಳಲ್ಲ. ಹೊಸ ನೆಲ ಸಿಕ್ಕಿದ ಖುಷಿಯಲ್ಲಿ ಚಿಗುರೊಡೆದು, ತುದಿಯಲ್ಲಿ ಮೊಗ್ಗು ಹಿಡಿದು ನಿಂತ ಗಿಡಗಳು. ಮಂಚದ ಕೆಳಗೆ, ಕಣಜದ ಸುತ್ತ, ಒಲೆಯ ಬಾಯಿಯ ತನಕ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅಲ್ಲೇ ಗೋಡೆಗೊರಗಿ ಕೂತುಬಿಟ್ಟೆ. ಅತ್ತುಬಿಟ್ಟೆ ಎಂದರೂ ಸುಳ್ಳಲ್ಲ.

ಗೆಜ್ಜೆಯ ಸದ್ದು ಕೇಳಿ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ. "ಬರ್ಬೇಡ ಇಂದ್ರಿ, ಅಲ್ಲೇ ನಿಲ್ಲು. ಕೆಲಸ ಕೆಡಿಸಿಬಿಟ್ಟೆ" ಎಂದೆ. ಅವಳು ಅಂಗಳದಲ್ಲೇ ನಿಂತು ನನ್ನ ಕಂಕುಳ ಸಂದಿಯಿಂದ ಒಳಗೆ ಇಣುಕಿದಳು. ನನ್ನ ಕೈಯಲ್ಲಿ ಬೂದಿಯ ಗಂಟು ಇತ್ತು, ದಿಕ್ಕು ತೋಚದೆ ಅದನ್ನೇ ಹಿಡಿದುಕೊಂಡಿದ್ದೆ. ಅವಳು ಮೊದಲು ನೋಡಿದ್ದು ಅದನ್ನು.

"ತಟ್ಟಿದ್ರಾ?"

"ಇನ್ನೂ ಇಲ್ಲ."

"ಸದ್ಯ. ಇತ್ತ ಕೊಡಿ" ಎಂದು ಗಂಟು ಕಿತ್ತುಕೊಂಡು ತಿಪ್ಪೆಗೆ ಎಸೆದಳು. "ಗಿಡ ಬಂದ್ರೆ ಒಂಟಿಯಾಗಿ ಬಂದದಾ? ಎಲೆ ಅಡಿ ನೋಡಿ."

ಮಗುಚಿ ನೋಡಿದೆ. ಎಳೆ ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳು, ರಾಗಿಯ ಕಾಳು ಅಂಟಿಸಿದಂತೆ. ಒಂದೆರಡು ಪಟ್ಟೆಹುಳಗಳು ಆಗಲೇ ಮೊಗ್ಗಿನ ಹತ್ತಿರ ಹೊರಟಿದ್ದವು.

"ಹುಳ ಅದ್ರ ಕೆಲಸ ಮಾಡ್ತದೆ" ಎಂದಳು ಇಂದ್ರಾಣಿ ಜಗಲಿಯ ಮೇಲೆ ಕೂತು. "ಆದ್ರೆ ನಮ್ಮನೆ ನೆಲ ಇಷ್ಟು ಖಾಲಿ ಇದ್ರೆ ಹೆಂಗೆ ಹೇಳಿ? ಖಾಲಿ ಜಾಗ ಕಂಡ್ರೆ ಯಾರು ಬೇಕಾದ್ರೂ ಬಂದು ಕೂತ್ಕತಾರೆ. ಅವ್ವನ ಮನೇಲಿ ಇದಕ್ಕೆ ಕಾಲು ಚಾಚಕ್ಕೂ ಜಾಗ ಇರ್ಲಿಲ್ಲ."

ಅವಳು ಹೇಳಿದ್ದು ಅಷ್ಟೆ. ನಾನು ಎದ್ದು ಪಂಚೆ ಕೊಡವಿಕೊಂಡು ಕೆರೆಯಾಚೆ ನಡೆದೆ. ಮಂಚಮ್ಮನ ಮನೆಗಲ್ಲ, ಅವಳ ಹೊಲಕ್ಕೆ. ಮಂಡಿನೋವಿನ ದೆಸೆಯಿಂದ ಆ ಹೊಲಕ್ಕೆ ಈ ವರ್ಷ ಬಿತ್ತಿದ ಮೇಲೆ ಯಾರೂ ಕೈಯಿಟ್ಟಿರಲಿಲ್ಲ. ಅವಳ ರಾಗಿ ಕಳೆಯೊಳಗೆ ಮುಳುಗಿಹೋಗಿತ್ತು. ನಾನು ಮೊದಲ ಸಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಅಣ್ಣೆ ಕಿತ್ತೆ, ತಗಟೆ ಕಿತ್ತೆ, ಹೊನಗೊನ್ನೆ, ಗಣಿಕೆ, ಗೋಣಿಸೊಪ್ಪು ಕಿತ್ತೆ. ಬದುವಿನ ಮೇಲೆ ಹೋಗುತ್ತಿದ್ದವರು ನಿಂತು ನೋಡಿದರು. ಅತ್ತೆ ಅಳಿಯನ ಕಳೆ ಹೊರುವುದು ಎಲ್ಲರಿಗೂ ಗೊತ್ತು, ಅಳಿಯ ಅತ್ತೆಯ ಕಳೆ ಹೊತ್ತದ್ದನ್ನು ಯಾರೂ ಕಂಡಿರಲಿಲ್ಲ. ಸುದ್ದಿ ಮುಟ್ಟಿ ಮಂಚಮ್ಮ ಕೋಲೂರಿಕೊಂಡು ಬಂದಳು. "ಏಳಪ್ಪ, ಏಳು. ಊರು ಏನಂದಾತು? ಅಳಿಯನ ಕೈಲಿ ಕಳೆ ಕೀಳಿಸ್ದೋಳು ಅನ್ನಾಕಿಲ್ವಾ?"

"ಅನ್ಲಿ ಬುಡಿ ಅತ್ತೆ" ಎಂದೆ. "ನಿಮ್ ಮಗ್ಳು ನಡೆದಾಡೋ ನೆಲಕ್ಕೆ ಬೇಕಾಗಿದೆ."

ಅವಳು ಬದುವಿನ ಮೇಲೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಹೆಂಗಸು ಇಷ್ಟು ವರ್ಷ ನನ್ನ ಹೊಲದಲ್ಲಿ ಹೀಗೇ ಕೂತಿದ್ದಳು, ಸೊಂಟ ಇಷ್ಟು ನೋಯುತ್ತದೆ ಎಂದು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ಮನೆಯ ನೆಲ ಊರಿನಲ್ಲೇ ದೊಡ್ಡ ಜಾತ್ರೆಯಾಗಿತ್ತು. ನುಚ್ಚಕ್ಕಿಯ ಪ್ರತಿ ಗಿಡದ ಸುತ್ತ ನಾಲ್ಕು ತಗಟೆ, ಎರಡು ಅಣ್ಣೆ. ಇಂದ್ರಾಣಿ ಜಗಲಿಯ ಮೇಲೆ ಮೂರು ಕಲ್ಲು ಹೂಡಿದಳು, ನಾನೇ ಒಲೆ ಊದಿದೆ. ಅಲ್ಲೇ ಉಂಡೆವು, ಅಲ್ಲೇ ಮಲಗಿದೆವು. ಹಾದುಹೋಗುವವರು, "ಏನು ಬೋರಣ್ಣ, ನಿನ್ ಮನೇಲಿ ನಿನಗೇ ಜಾಗ ಇಲ್ವಾ?" ಎಂದು ಕೇಳುತ್ತಿದ್ದರು. ಕಾಲ ಕಳೆದಂತೆ ತಗಟೆ ಮೇಲೇರಿತು, ನುಚ್ಚಕ್ಕಿ ಜರಡಿಯಾಯಿತು, ಮೊಗ್ಗುಗಳು ಅರಳದೆ ಉದುರಿದವು. ಕಡ್ಡಿಗಳನ್ನು ನಾನು ಮುಟ್ಟಲಿಲ್ಲ. ಮುಟ್ಟಲು ಕೈ ತುರಿಸಿದಾಗಲೆಲ್ಲ ಇಂದ್ರಾಣಿ ಕೆಮ್ಮಿ ನೆನಪಿಸುತ್ತಿದ್ದಳು, ಅದು ಸುಳ್ಳು ಕೆಮ್ಮು.

ನನ್ನ ಹೊಲದಲ್ಲಿ ರಾಗಿ ತೆನೆ ಬಾಗಿದ ಹೊತ್ತಿಗೆ, ಒಂದು ಬೆಳಿಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಇಂದ್ರಾಣಿ ಇರಲಿಲ್ಲ. ಬಾಗಿಲು ತೆರೆದಿತ್ತು. ಎದ್ದು ಓಡಿದೆ. ಅವಳು ತಗಟೆಯನ್ನು ಮೊಣಕೈಯಿಂದ ಸರಿಸಿಕೊಂಡು, ಅಣ್ಣೆಸೊಪ್ಪಿನ ಕುಡಿಗಳನ್ನು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತ ಒಲೆಯ ತನಕ ಹೋಗಿದ್ದಳು. ಒಲೆಯ ಪಕ್ಕದಲ್ಲಿ ಒಂದೇ ಒಂದು ನುಚ್ಚಕ್ಕಿ ಗಿಡ ಬಡಕಲಾಗಿ ನಿಂತಿತ್ತು, ಅದರ ಮೇಲೆ ಎರಡು ಪಟ್ಟೆಹುಳ. ಅದನ್ನು ನೋಡಿ ನನ್ನ ಕೈ ಮುಂದೆ ಹೋಯಿತು.

"ಇರ್ಲಿ ಬುಡಿ" ಎಂದಳು. "ಅದೂ ಇಲ್ದಿದ್ರೆ ಇವು ಏನು ತಿಂದಾವು?"

ಹಸಿ ಸೌದೆಯನ್ನೇ ಒಟ್ಟಿದ್ದಳು, ಬೇಕೆಂದೇ. ಗೂಟದಿಂದ ಊದುಕೊಳವೆ ತೆಗೆದು ಸೆರಗಿನಲ್ಲಿ ಒರೆಸಿ ಬಾಯಿಗಿಟ್ಟಳು. ನಾನು ಉಸಿರು ಬಿಗಿಹಿಡಿದು ನಿಂತೆ. ಅವಳು ಊದಿದಳು. ಒಂದೇ ಉಸಿರು, ಉದ್ದಕ್ಕೆ, ನಡುವೆ ಎಲ್ಲೂ ತುಂಡಾಗದೆ. ಹೊಗೆ ಎದ್ದಿತು, ಕೆಂಡ ಕಣ್ಣು ಬಿಟ್ಟಿತು, ಸೌದೆ ಭಗ್ಗೆಂದು ಹೊತ್ತಿಕೊಂಡಿತು.